ನಿವೃತ್ತಿಯೂ ಫಲವೂ: ಇನ್ಫೋಸಿಸ್ ಸಂಸ್ಥಾಪಕರ ಅಧಿಕಾರತ್ಯಾಗದ ವಿಮರ್ಶೆ

1. ವಿಷಯ

ಕಂಪೆನಿಯೊಂದನ್ನು ಕಟ್ಟಿ ಬೆಳೆಯಿಸಿ ಕೀರ್ತಿಶಾಲಿಯಾದ ಮುಖ್ಯ ಕಾರ್ಯನಿರ್ವಾಹಕನು ಅಧಿಕಾರವನ್ನು ಬಿಟ್ಟು ನಿವೃತ್ತನಾದಾಗ, ಅದರಲ್ಲಿ ಹಣವಿಟ್ಟಿರುವ ಷೇರುದಾರರ ಪಾಲಿಗೆ ಅದರ ಮೌಲ್ಯವು ಕುಗ್ಗುವುದೋ, ಹಿಗ್ಗುವುದೋ, ಇದ್ದಂತೆಯೇ ಇರುವುದೋ ಎಂಬುದು ಪ್ರಕೃತ ಲೇಖನದ ವಿಷಯ. ಇದು ವರ್ತಕರು ವಿಚಾರಿಸತಕ್ಕ ಮಾತು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನಿಗೆ ಇದರಲ್ಲೇನು ಕೆಲಸ ಎಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಕರ್ಮವನ್ನು ಮಾಡುವವನು ಒಬ್ಬ, ಅದರ ಫಲವನ್ನು ಉಣ್ಣುವವನು ಮತ್ತೊಬ್ಬ. ಮಾಡುವವನು ನಡುವೆ ಎದ್ದುಹೋದರೆ ಫಲಕ್ಕೆ ಲೋಪವುಂಟೇ ಎಂಬ ಪ್ರಶ್ನೆಯನ್ನು ನಮ್ಮ ಮೀಮಾಂಸಕರು ಬಹುಕಾಲದಿಂದ ಚರ್ಚಿಸುತ್ತ ಬಂದಿರುವರು. ಕವಿಗಳು ಅದನ್ನೇ ರಾಜವಂಶಗಳ ಕಥೆಯಾಗಿ ಹೇಳಿರುವರು. ಆದುದರಿಂದ ವಿಷಯವು ಹೊಸದಾದರೂ ಪ್ರಶ್ನೆಯು ನಮಗೆ ಅಪರಿಚಿತವಲ್ಲ.

ಇನ್ನೊಂದು ಕಾರಣವೂ ಉಂಟು. ಉದ್ಯಮಪತಿಗಳ ಚರಿತ್ರೆಗಳನ್ನು ವಿದ್ಯಾರ್ಥಿಗಳಿಗೆ ಆದರ್ಶವೆಂದು ಹೇಳುವ ರೂಢಿ ನಮ್ಮಲ್ಲಿ ಬೆಳೆದಿದೆ. ಅಂತಹ ಚರಿತ್ರೆಗಳು ಬಹುಮಟ್ಟಿಗೆ, ಪಾರಾಯಣದಲ್ಲಿ ರಾಮಾಯಣವನ್ನು ಪಟ್ಟಾಭಿಷೇಕಕ್ಕೆ ಮುಗಿಸುವಂತೆ, ನಾಯಕನ ಅಭ್ಯುದಯಕ್ಕೆ ಬಂದು ನಿಂತುಬಿಡುತ್ತವೆ. ಉತ್ತರಕಾಂಡವನ್ನು ಯಾರೂ ಓದುವುದಿಲ್ಲ. ಆದರೆ ಕಟ್ಟಿದವನ ಯೋಗ್ಯತೆಯು ಪೂರ್ಣವಾಗಿ ಕಾಣುವುದು ಅವನು ಕಟ್ಟಿದ್ದನ್ನು ಬಿಟ್ಟ ಮೇಲೆಯೇ. ಆ ಭಾಗವನ್ನು ಬಿಟ್ಟ ಚರಿತ್ರೆಯು ಸ್ತೋತ್ರವಾದೀತು, ಚರಿತ್ರೆಯಾಗದು.

ನಾನಿರುವ ಚಿಕ್ಕಯ್ಯನಛತ್ರವು ನಂಜನಗೂಡಿನ ಸೀಮೆಗೆ ಸೇರಿದ್ದು. ಇನ್ಫೋಸಿಸ್ ಕಂಪೆನಿಯು ಮೈಸೂರಿನಲ್ಲಿ ಕಟ್ಟಿರುವ ವಿಶಾಲವಾದ ತರಬೇತಿ ಕೇಂದ್ರವು ಇಲ್ಲಿಗೆ ದೂರವಲ್ಲ. ಆದಕಾರಣ ಆ ಸಂಸ್ಥೆಯ ಏರಿಳಿತಗಳು ನಮ್ಮ ಕಡೆಯ ಜಗಲಿಗಳ ಮೇಲೂ ಮಾತಿಗೆ ಬರುತ್ತವೆ. ನಮ್ಮ ಊರಿನ ಹೆಸರೇ ಈ ವಿಚಾರಕ್ಕೆ ಎಳೆಯುವಂತಿದೆ. ಛತ್ರವೆಂದರೆ ದಾರಿಹೋಕರಿಗೆ ನೆರಳನ್ನೂ ಅನ್ನವನ್ನೂ ಕೊಡುವ ಮನೆ. ಅದರ ಮೇಲೆ ನಿಂತಿರುವುದು ಒಬ್ಬ ಮನುಷ್ಯನ ಹೆಸರು. ಛತ್ರವನ್ನು ಕಟ್ಟಿಸಿದವನು ಯಾರೇ ಆಗಲಿ, ಅವನು ಬಾಗಿಲಲ್ಲಿ ನಿಲ್ಲದ ದಿನ ಬಂದ ದಾರಿಹೋಕನಿಗೂ ಊಟ ದೊರೆಯಿತೇ ಎಂಬುದೇ ಅವನ ಧರ್ಮಕ್ಕೆ ಪರೀಕ್ಷೆ. ಈ ಪರೀಕ್ಷೆಯನ್ನು ಇನ್ಫೋಸಿಸ್ ಸಂಸ್ಥೆಗೆ ಒಡ್ಡಿ ನೋಡುವುದು ನನ್ನ ಉದ್ದೇಶ.

2. ವೃತ್ತಾಂತ

ಶ್ರೀ ಎನ್. ಆರ್. ನಾರಾಯಣಮೂರ್ತಿಯವರು 1946ರಲ್ಲಿ ಶಿಡ್ಲಘಟ್ಟದಲ್ಲಿ ಜನಿಸಿದರು; ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಬಳಿಕ ಕಾನ್ಪುರದಲ್ಲಿಯೂ ವ್ಯಾಸಂಗ ಮಾಡಿದರು. 1981ರಲ್ಲಿ ಅವರೂ ಇತರ ಆರು ಮಂದಿಯೂ ಸೇರಿ ಪುಣೆಯಲ್ಲಿ ಇನ್ಫೋಸಿಸ್ ಕಂಪೆನಿಯನ್ನು ಸ್ಥಾಪಿಸಿದರು. ಮೂಲಧನ 10,000 ರೂಪಾಯಿ. ಅದೂ ಅವರ ಧರ್ಮಪತ್ನಿ ಶ್ರೀಮತಿ ಸುಧಾಮೂರ್ತಿಯವರು ಕೊಟ್ಟದ್ದು. 1983ರಲ್ಲಿ ಸಂಸ್ಥೆಯು ಬೆಂಗಳೂರಿಗೆ ಬಂದಿತು. 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಸಾರ್ವಜನಿಕರಿಂದ ಹಣವನ್ನು ಕೂಡಿಸಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯನ್ನು ಸೇರಿತು.

ಮೂರ್ತಿಯವರು 21 ವರ್ಷಗಳ ಕಾಲ ಮುಖ್ಯ ಕಾರ್ಯನಿರ್ವಾಹಕರಾಗಿದ್ದು 2002ರ ಮಾರ್ಚಿಯಲ್ಲಿ ಆ ಸ್ಥಾನವನ್ನು ಸಹಸ್ಥಾಪಕರಾದ ಶ್ರೀ ನಂದನ್ ನಿಲೇಕಣಿಯವರಿಗೆ ಒಪ್ಪಿಸಿದರು. 2006ರಲ್ಲಿ 60 ವರ್ಷ ತುಂಬಿದಾಗ ಕಾರ್ಯಭಾರವನ್ನು ಬಿಟ್ಟು ಕೇವಲ ಅಧ್ಯಕ್ಷರಾಗಿ ಉಳಿದರು. 2011ರ ಆಗಸ್ಟಿನಲ್ಲಿ 65 ತುಂಬಿದಾಗ ಅಧ್ಯಕ್ಷಪೀಠವನ್ನು ಶ್ರೀ ಕೆ. ವಿ. ಕಾಮತರಿಗೆ ಬಿಟ್ಟು ಗೌರವಾಧ್ಯಕ್ಷರೆನಿಸಿಕೊಂಡರು. ಮುಖ್ಯ ಕಾರ್ಯನಿರ್ವಾಹಕತ್ವವು 2007ರಲ್ಲಿ ಶ್ರೀ ಎಸ್. ಗೋಪಾಲಕೃಷ್ಣನ್ ಅವರಿಗೂ, 2011ರಲ್ಲಿ ಶ್ರೀ ಎಸ್. ಡಿ. ಶಿಬುಲಾಲರಿಗೂ ಸಂದಿತು. ಇವರಿಬ್ಬರೂ ಸ್ಥಾಪಕರೇ.

ಇಲ್ಲಿಗೆ ಕಥೆಯು ಮುಗಿದಿದ್ದರೆ ವಿಮರ್ಶೆಗೆ ಹೆಚ್ಚು ಎಡೆಯಿರುತ್ತಿರಲಿಲ್ಲ. 2013ರ ಜೂನ್ 1ರಂದು ಮೂರ್ತಿಯವರನ್ನು ಐದು ವರ್ಷಗಳ ಅವಧಿಗೆಂದು ಕಾರ್ಯನಿರ್ವಾಹಕ ಅಧ್ಯಕ್ಷರನ್ನಾಗಿ ಮತ್ತೆ ಕರೆದರು. ಅವರು ವರ್ಷಕ್ಕೆ ಒಂದು ರೂಪಾಯಿ ವೇತನವನ್ನು ಒಪ್ಪಿ ಬಂದರು. ಮರುವರ್ಷವೇ ಮತ್ತೆ ಬಿಟ್ಟರು. 2014ರ ಆಗಸ್ಟ್ 1ರಂದು ಶ್ರೀ ವಿಶಾಲ್ ಸಿಕ್ಕಾ ಅವರು ಮುಖ್ಯ ಕಾರ್ಯನಿರ್ವಾಹಕರಾದರು. ಸ್ಥಾಪಕರಲ್ಲದವರು ಆ ಪೀಠವನ್ನೇರಿದ್ದು ಅದೇ ಮೊದಲು. 2017ರಲ್ಲಿ ಮೂರ್ತಿಯವರಿಗೂ ನಿರ್ದೇಶಕ ಮಂಡಳಿಗೂ ಬಹಿರಂಗವಾಗಿ ಭಿನ್ನಾಭಿಪ್ರಾಯವುಂಟಾಯಿತು. ಮುಖ್ಯಾಧಿಕಾರಿಗಳ ವೇತನ, ಕೆಲಸ ಬಿಟ್ಟ ಅಧಿಕಾರಿಯೊಬ್ಬರಿಗೆ ಕೊಡಲೊಪ್ಪಿದ ಹಣ, ಪನಾಯ ಎಂಬ ಸಂಸ್ಥೆಯ ಖರೀದಿ, ಇವು ವಿವಾದದ ವಿಷಯಗಳು. ಆಗಸ್ಟ್ 18ರಂದು ಸಿಕ್ಕಾ ಅವರು ರಾಜೀನಾಮೆ ಕೊಟ್ಟರು. ಅದಕ್ಕೆ ಮೂರ್ತಿಯವರ ನಿರಂತರವಾದ ಆಕ್ಷೇಪಣೆಯೇ ಪ್ರಧಾನ ಕಾರಣವೆಂದು ಮಂಡಳಿಯು ಸಾರಿತು. ತಾವು ಹಣವನ್ನಾಗಲಿ ಅಧಿಕಾರವನ್ನಾಗಲಿ ಬಯಸಿದವರಲ್ಲವೆಂದು ಮೂರ್ತಿಯವರು ಪ್ರತ್ಯುತ್ತರವಿತ್ತರು. ಆಗಸ್ಟ್ 24ರಂದು ನಿಲೇಕಣಿಯವರು ಅಧ್ಯಕ್ಷರಾಗಿ ಮರಳಿದರು. ಪನಾಯ ಖರೀದಿಯಲ್ಲಿ ಅಕ್ರಮವಿಲ್ಲವೆಂಬ ಹಿಂದಿನ ನಿರ್ಣಯವನ್ನು ಹೊಸ ಮಂಡಳಿಯೂ ಆ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. 2018ರ ಜನವರಿ 2ರಂದು ಶ್ರೀ ಸಲೀಲ್ ಪಾರೇಖ್ ಅವರು ಮುಖ್ಯ ಕಾರ್ಯನಿರ್ವಾಹಕರಾದರು.

ಒಂದೇ ನಿವೃತ್ತಿಯೆಂದು ಜನರು ಭಾವಿಸುವಲ್ಲಿ ಹೀಗೆ 2002, 2006, 2011, 2014 ಎಂದು ನಾಲ್ಕು ನಿವೃತ್ತಿಗಳಿವೆ; ಅವುಗಳ ನಡುವೆ ಒಂದು ಪುನರಾಗಮನವಿದೆ; ಕೊನೆಯಲ್ಲಿ, ಸ್ಥಾನವಿಲ್ಲದೆ ಹೊರಗಿನಿಂದ ಆಡಿದ ಮಾತು ಇದೆ. ಇವುಗಳನ್ನು ಬೇರ್ಪಡಿಸಿ ನೋಡದೆ ನಿರ್ಣಯ ಹೇಳುವುದು ಅವಿಚಾರ.

3. ಸಂಶಯವೂ ಪೂರ್ವಪಕ್ಷಗಳೂ

ಈ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಾರದಲ್ಲಿವೆ. ಪುರುಷನೇ ಮೌಲ್ಯ, ಅವನು ಹೋದರೆ ಮೌಲ್ಯವೂ ಹೋಗುವುದು ಎಂಬುದು ಮೊದಲನೆಯದು. ಸಂಸ್ಥೆಯೇ ಮೌಲ್ಯ, ಪುರುಷನು ನಿಮಿತ್ತಮಾತ್ರ. ಅವನು ಹೋದರೂ ಇದ್ದರೂ ಒಂದೇ ಎಂಬುದು ಎರಡನೆಯದು. ಇವೆರಡಕ್ಕೂ ಷೇರುಪೇಟೆಯ ಒಂದು ದಿನದ ಬೆಲೆಯನ್ನೇ ಪ್ರಮಾಣವಾಗಿ ತೋರಿಸುವರು.

ಮೊದಲನೆಯ ಪಕ್ಷವು 2002ರ ಮುಂದೆ ನಿಲ್ಲುವುದಿಲ್ಲ. ಮೂರ್ತಿಯವರು ಕಾರ್ಯನಿರ್ವಾಹಕತ್ವವನ್ನು ಬಿಟ್ಟ ವರ್ಷದಲ್ಲಿ ಸಂಸ್ಥೆಯ ವರಮಾನವು ಸುಮಾರು 54 ಕೋಟಿ ಡಾಲರು. 2007ರ ಮಾರ್ಚಿಗೆ ಮುಗಿದ ವರ್ಷದಲ್ಲಿ 300 ಕೋಟಿ ಡಾಲರಿಗೂ ಮಿಕ್ಕಿತ್ತು. ಪುರುಷನೇ ಮೌಲ್ಯವಾಗಿದ್ದರೆ ಐದು ವರ್ಷಗಳಲ್ಲಿ ಐದೂವರೆ ಪಾಲಿಗೂ ಹೆಚ್ಚಾದ ಈ ಬೆಳವಣಿಗೆಗೆ ಉಪಪತ್ತಿಯಿಲ್ಲ. ಅವರು ಅಧ್ಯಕ್ಷರಾಗಿ ಇದ್ದೇ ಇದ್ದರಲ್ಲ ಎಂದರೆ, ಅದು ಸತ್ಯ. ಆದರೆ ದಿನದಿನದ ಕರ್ಮವು ಬೇರೊಬ್ಬರ ಕೈಯಲ್ಲಿತ್ತೆಂಬುದೂ ಸತ್ಯವೇ.

ಎರಡನೆಯ ಪಕ್ಷವು 2017ರ ಮುಂದೆ ನಿಲ್ಲುವುದಿಲ್ಲ. ಆಗಸ್ಟ್ 18ರ ಒಂದೇ ದಿನ ಷೇರಿನ ಬೆಲೆಯು ನೂರಕ್ಕೆ ಸುಮಾರು ಒಂಬತ್ತೂವರೆಯಷ್ಟು ಇಳಿದು, ಸಂಸ್ಥೆಯ ಪೇಟೆಬೆಲೆಯಲ್ಲಿ 22,000 ಕೋಟಿ ರೂಪಾಯಿಗಿಂತ ಅಧಿಕ ನಷ್ಟವಾಯಿತು. ಮರುದಿನವೇ ಮಂಡಳಿಯು ಷೇರೊಂದಕ್ಕೆ 1,150 ರೂಪಾಯಿಯಂತೆ 13,000 ಕೋಟಿ ರೂಪಾಯಿಯ ಷೇರುಗಳನ್ನು ಮರುಖರೀದಿ ಮಾಡುವೆನೆಂದು ಪ್ರಕಟಿಸಿತು. ಪೇಟೆಯಲ್ಲಿ ನಡೆಯುತ್ತಿದ್ದ ಬೆಲೆಗಿಂತ ಇದು ಬಹಳ ಹೆಚ್ಚು. ಆದರೂ ಸೋಮವಾರ ಪೇಟೆ ತೆರೆದಾಗ ಬೆಲೆಯು ಇನ್ನೂ ಇಳಿಯಿತು. ಗ್ರಾಹಕರು ಅವರೇ, ಕೆಲಸಗಾರರು ಅವರೇ, ಬೊಕ್ಕಸದ ಹಣವೂ ಅಷ್ಟೇ. ಪುರುಷರು ನಿಮಿತ್ತಮಾತ್ರರಾಗಿದ್ದರೆ ಈ ಪತನವೇಕೆ?

ಇನ್ನು ಒಂದು ದಿನದ ಬೆಲೆಯು ಪ್ರಮಾಣವೇ ಎಂಬುದನ್ನು ನೋಡಬೇಕು. ಈ ಸಂಸ್ಥೆಯ ಷೇರು 2013ರ ಏಪ್ರಿಲ್ 12ರಂದು ನೂರಕ್ಕೆ 21ರಷ್ಟು ಬಿದ್ದಿತ್ತು. ಅಂದು ಯಾರೂ ನಿವೃತ್ತರಾಗಿರಲಿಲ್ಲ. ಮುಂದಿನ ವರ್ಷದ ಬೆಳವಣಿಗೆ ಕಡಿಮೆಯಾದೀತೆಂದು ಸಂಸ್ಥೆಯೇ ಹೇಳಿದ್ದು ಕಾರಣ. ಆ ಜೂನಿನಲ್ಲಿ ಮೂರ್ತಿಯವರು ಮರಳುವರೆಂಬ ಸುದ್ದಿಗೆ ಬೆಲೆಯು ಏರಿತು. ಅವರು ಪೀಠದಲ್ಲಿ ಕುಳಿತು ಒಂದು ಕಾಗದಕ್ಕೂ ರುಜು ಹಾಕುವ ಮೊದಲೇ ಬಂದ ಏರಿಕೆಯು ಅವರ ಕರ್ಮದ ಫಲವಾಗಲಾರದು. ಬೆಲೆಯೆಂಬುದು ಮುಂದೆ ಬರತಕ್ಕ ಫಲದ ವಿಷಯದಲ್ಲಿ ಜನರಿಗಿರುವ ನಂಬಿಕೆ. ನಂಬಿಕೆಯು ಒಂದು ದಿನದಲ್ಲಿ ಬದಲಾಗುತ್ತದೆ. ಫಲವು ವರ್ಷಗಳಲ್ಲಿ ಪಕ್ವವಾಗುತ್ತದೆ. ಒಂದನ್ನು ಇನ್ನೊಂದೆಂದು ಭ್ರಮಿಸುವುದರಿಂದಲೇ ಈ ವಿಷಯದಲ್ಲಿ ಗೊಂದಲವು ಬಂದಿದೆ.

4. ಸತ್ರ, ಯಜಮಾನ, ಪ್ರತಿನಿಧಿ

ಜೈಮಿನಿಯ ಆರನೆಯ ಅಧ್ಯಾಯಕ್ಕೆ ಅಧಿಕಾರಾಧ್ಯಾಯವೆಂದು ಹೆಸರು. ಮೀಮಾಂಸಕರ ಮಾತಿನಲ್ಲಿ ಅಧಿಕಾರವೆಂದರೆ ದರ್ಪವಲ್ಲ, ಪದವಿಯೂ ಅಲ್ಲ. ಕರ್ಮದ ಫಲಕ್ಕೆ ಒಡೆಯನಾಗಿರುವುದು. ಯಾಗದಲ್ಲಿ ಫಲವು ಯಜಮಾನನದು. ಋತ್ವಿಜರು ದಕ್ಷಿಣೆ ಪಡೆದು ಅವನಿಗಾಗಿ ಕರ್ಮವನ್ನು ನಡೆಯಿಸುವರು. ಕಂಪೆನಿಯಲ್ಲಿ ಷೇರುದಾರನು ಯಜಮಾನ, ಕಾರ್ಯನಿರ್ವಾಹಕನು ಋತ್ವಿಜ. ಅವನ ವೇತನವು ದಕ್ಷಿಣೆ.

ಸತ್ರವೆಂಬ ದೀರ್ಘಯಾಗದಲ್ಲಿ ಮಾತ್ರ ಈ ವ್ಯವಸ್ಥೆ ಬೇರೆ. ಅಲ್ಲಿ 17ರಿಂದ 24 ಮಂದಿಯವರೆಗೆ ಕೂಡಿ ಕರ್ಮವನ್ನು ಹಿಡಿಯುವರು, ಋತ್ವಿಜರೂ ಅವರೇ, ಯಜಮಾನರೂ ಅವರೇ, ದಕ್ಷಿಣೆಯಿಲ್ಲ. 1981ರಲ್ಲಿ ಏಳು ಮಂದಿ ಕೈಗೊಂಡದ್ದು ಸಂಖ್ಯೆಯಲ್ಲಲ್ಲದಿದ್ದರೂ ಸ್ವರೂಪದಲ್ಲಿ ಸತ್ರವೇ. ಮಾಡಿದವರೂ ಅವರೇ, ಉಣ್ಣತಕ್ಕವರೂ ಅವರೇ. 1993ರಲ್ಲಿ ಹೊರಗಿನವರ ಹಣವನ್ನು ಸ್ವೀಕರಿಸಿದ ದಿನ ಈ ಸ್ವರೂಪವು ಬದಲಾಯಿತು. ಅಂದು 9,500 ರೂಪಾಯಿ ಕೊಟ್ಟು ನೂರು ಷೇರುಗಳನ್ನು ಕೊಂಡವನು ಏನನ್ನೂ ಮಾರದೆ ಇಟ್ಟುಕೊಂಡಿದ್ದರೆ, ಬೋನಸ್ಸುಗಳಿಂದಲೂ ಷೇರಿನ ವಿಭಾಗದಿಂದಲೂ 2018ರ ಹೊತ್ತಿಗೆ ಅವು 1,02,400 ಆಗಿರುವುವು. ಬೋನಸ್ಸು ಸಂಖ್ಯೆಯನ್ನು ಬೆಳೆಯಿಸುವುದೇ ಹೊರತು ಮೌಲ್ಯವನ್ನಲ್ಲ. ಹೋಳು ಹೆಚ್ಚಾದ ಮಾತ್ರಕ್ಕೆ ತೆಂಗಿನಕಾಯಿ ದೊಡ್ಡದಾಗದು. ಆದರೆ ಇಷ್ಟು ಹೋಳುಗಳಾದ ಮೇಲೂ ಒಂದೊಂದು ಹೋಳಿಗೆ ನೂರಾರು ರೂಪಾಯಿ ಬೆಲೆಯಿತ್ತೆಂಬುದರಿಂದ ಆ ಕರ್ಮದ ಫಲವೆಷ್ಟೆಂದು ಊಹಿಸಬಹುದು. ಸ್ಥಾಪಕರ ಮುಖವನ್ನು ಕಾಣದ ಲಕ್ಷಾಂತರ ಜನ ಹೀಗೆ ಯಜಮಾನರಾದರು. ಸ್ಥಾಪಕರೋ ಋತ್ವಿಜರಾಗಿಯೂ ಯಜಮಾನರಲ್ಲಿ ಕೆಲವರಾಗಿಯೂ ಎರಡು ವೇಷಗಳಲ್ಲಿ ಉಳಿದರು.

ಈಗ ಮುಖ್ಯವಾದ ಪ್ರಶ್ನೆ. ಸತ್ರವು ನಡೆಯುತ್ತಿರುವಾಗ ಒಬ್ಬನು ಇಲ್ಲವಾದರೆ ಏನು ಗತಿ? ಸಾಮಾನ್ಯ ಯಾಗದಲ್ಲಿ ಯಜಮಾನನಿಗೆ ಪ್ರತಿನಿಧಿಯಿಲ್ಲ. ಆದರೆ ಸತ್ರದಲ್ಲಿ ಕರ್ಮವು ಊನವಾಗಬಾರದೆಂದು ಬೇರೊಬ್ಬನನ್ನು ತಂದು ಕೂರಿಸಬೇಕೆಂದು ನಿರ್ಣಯ. ಹಾಗೆ ಬಂದವನು ಒಡೆಯನೋ ಕೆಲಸದವನೋ ಎಂದು ಮತ್ತೆ ಶಂಕೆ. ಅವನು ಕೆಲಸದವನೇ, ಫಲವು ಅವನದಲ್ಲ. ಆದರೂ ಒಡೆಯರಿಗೆ ವಿಹಿತವಾದ ನಿಯಮಗಳನ್ನು ಅವನು ಪಾಲಿಸಬೇಕು ಎಂದು ಸಿದ್ಧಾಂತ. ಫಲವಿಲ್ಲ, ನಿಯಮವುಂಟು. ಹೊರಗಿನಿಂದ ಬಂದ ಕಾರ್ಯನಿರ್ವಾಹಕನ ಕಷ್ಟವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ. 2017ರ ವೇತನವಿವಾದವೂ ತತ್ತ್ವತಃ ಇದೇ: ಸತ್ರಿಗಳು ದಕ್ಷಿಣೆಯಿಲ್ಲದೆ ಹಿಡಿದ ವ್ರತವನ್ನು ದಕ್ಷಿಣೆಗಾಗಿ ಬಂದವನೂ ಹಿಡಿಯಬೇಕೇ? ಮೂರ್ತಿಯವರ ಆಕ್ಷೇಪಣೆಗೆ ಶಾಸ್ತ್ರದ ಬೆಂಬಲವಿಲ್ಲವೆಂದು ನಾನು ಹೇಳಲಾರೆ. ಆದರೆ ನಿಯಮಭಂಗವಾಯಿತೇ ಎಂದು ನೋಡತಕ್ಕವರು ಯಾರು? ಯಾಗದಲ್ಲಿ ಆ ಕೆಲಸಕ್ಕೆ ಬ್ರಹ್ಮನೆಂಬ ಋತ್ವಿಜನಿರುವನು. ಅವನು ಯಾಗಶಾಲೆಯ ಒಳಗೆ, ತನ್ನ ಆಸನದಲ್ಲಿ ಕುಳಿತು ದೋಷವನ್ನು ನೋಡಿ ತಿದ್ದುವನು. ಕಂಪೆನಿಯಲ್ಲಿ ಆ ಆಸನವು ನಿರ್ದೇಶಕ ಮಂಡಳಿಯದು. ಶಾಲೆಯ ಹೊರಗೆ ನಿಂತು ಕೂಗಿ ಹೇಳಿದ ಮಾತು ಸರಿಯಾಗಿದ್ದರೂ ಕರ್ಮವನ್ನು ತಿದ್ದದು. ಒಳಗಿನವರ ಕೈ ನಡುಗಿಸುವುದು.

5. ರಘುವಂಶದ ದೃಷ್ಟಾಂತ

ಕಾಳಿದಾಸನ ರಘುವಂಶವನ್ನು ನಾವು ಉಪಮೆಗಳಿಗಾಗಿ ಪಾಠ ಹೇಳುವೆವು. ಅದು ಮೊದಲಿನಿಂದ ಕಡೆಯವರೆಗೆ ಉತ್ತರಾಧಿಕಾರದ ಕಾವ್ಯವೆಂಬುದನ್ನು ಅಷ್ಟಾಗಿ ಗಮನಿಸಿಲ್ಲ. ದಿಲೀಪನು ರಘುವಿಗೆ, ರಘುವು ಅಜನಿಗೆ, ಹೀಗೆ ರಾಜ್ಯವು ಕೈಯಿಂದ ಕೈಗೆ ಹೋಗುವ ಸಂದರ್ಭಗಳಲ್ಲೆಲ್ಲ ಕವಿಯ ಕಣ್ಣು ತೀಕ್ಷ್ಣವಾಗಿರುವುದು. ಇವುಗಳಲ್ಲಿ ಎಂಟನೆಯ ಸರ್ಗದ ಆರಂಭವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು.

ರಘುವು ಮಗನಿಗೆ ರಾಜ್ಯವನ್ನು ಒಪ್ಪಿಸಿ ಕಾಡಿಗೆ ಹೊರಡುವನು. ಅಜನು ಕಣ್ಣೀರಿಟ್ಟು, ಕಾಲಿಗೆ ಬಿದ್ದು, ತನ್ನನ್ನು ಬಿಟ್ಟುಹೋಗಬಾರದೆಂದು ಬೇಡುವನು. ಪುತ್ರವತ್ಸಲನಾದ ರಘುವು ಆ ಬೇಡಿಕೆಯನ್ನು ನಡೆಯಿಸಿಕೊಟ್ಟು ದೂರ ಹೋಗದೆ ನಿಂತನು. ಆದರೆ ಬಿಟ್ಟ ಸಂಪತ್ತನ್ನು ಮತ್ತೆ ಸ್ವೀಕರಿಸಲಿಲ್ಲ. ಹಾವು ತಾನು ಕಳಚಿದ ಪೊರೆಯನ್ನು ಮರಳಿ ತೊಡದು ಎಂಬುದು ಕವಿಯ ಉಪಮೆ. ವಾಸವು ಊರ ಹೊರಗೆ. ಮಗನು ಅನುಭವಿಸುವ ರಾಜ್ಯಲಕ್ಷ್ಮಿಯು ಸೊಸೆಯಂತೆ ಮಾವನನ್ನು ಉಪಚರಿಸಿದಳೆಂದು ಇನ್ನೊಂದು ಉಪಮೆ. ಇಲ್ಲಿಯ ಔಚಿತ್ಯವನ್ನು ನೋಡಬೇಕು. ಮಾವನಿಗೆ ಸೊಸೆಯಿಂದ ಗೌರವವು ಸಲ್ಲತಕ್ಕದ್ದು, ಶುಶ್ರೂಷೆಯೂ ಸಲ್ಲತಕ್ಕದ್ದು. ಆದರೆ ಅವಳು ಮಗನ ಗೃಹಿಣಿ. ಗೌರವಾಧ್ಯಕ್ಷನೆಂಬ ಪದವಿಗೆ ಇದಕ್ಕಿಂತ ಶುದ್ಧವಾದ ಲಕ್ಷಣವನ್ನು ಯಾವ ಕಂಪೆನಿಯ ನಿಯಮಾವಳಿಯಲ್ಲಿಯೂ ಬರೆಯಲಾಗದು.

ಮುಂದೆ ಕವಿಯು ತಂದೆಮಕ್ಕಳನ್ನು ಒಂದೊಂದೇ ಶ್ಲೋಕದಲ್ಲಿ ಜೊತೆಗೂಡಿಸುತ್ತಾನೆ. ಅಜನು ಮಂತ್ರಿಗಳೊಡನೆ ಕೂಡಿದರೆ ರಘುವು ಯೋಗಿಗಳೊಡನೆ ಕೂಡುವನು. ಒಬ್ಬನಿಗೆ ಗೆಲ್ಲದ ನೆಲ ಗುರಿ, ಇನ್ನೊಬ್ಬನಿಗೆ ಅಳಿಯದ ಪದ ಗುರಿ. ಇಬ್ಬರೂ ಒಂದೇ ಶ್ಲೋಕದಲ್ಲಿದ್ದರೂ ಅವರ ಕ್ರಿಯಾಪದಗಳು ಒಂದನ್ನೊಂದು ಮುಟ್ಟುವುದಿಲ್ಲ. ಆ ಬಳಿಕ ರಾಜಕಾರ್ಯದಲ್ಲಿ ರಘುವಿನ ಒಂದು ಮಾತನ್ನೂ ಕವಿಯು ಕೇಳಿಸುವುದಿಲ್ಲ. ಹತ್ತಿರವಿದ್ದೂ ಮೌನವಾಗಿರುವುದು ಕಾಡಿಗೆ ಹೋಗುವುದಕ್ಕಿಂತ ಕಷ್ಟ. ಕಾಳಿದಾಸನು ತನ್ನ ನಾಯಕನಿಗೆ ಆ ಕಷ್ಟವನ್ನೇ ವಿಧಿಸಿರುವನು.

ಇದೇ ಕಾವ್ಯದ ಕೊನೆಯ ಸರ್ಗದಲ್ಲಿ ಇದರ ವಿಪರ್ಯಾಸವಿದೆ. ಅಗ್ನಿವರ್ಣನು ಭೋಗದಲ್ಲಿ ಮುಳುಗಿ ಕ್ಷಯರೋಗಕ್ಕೆ ತುತ್ತಾಗುವನು. ಪ್ರಜೆಗಳಿಗೆ ಅನುಮಾನ ಬಂದಾಗ, ರಾಜನು ಪುತ್ರಸಂತಾನಕ್ಕಾಗಿ ಕರ್ಮವನ್ನು ಮಾಡುತ್ತಿರುವನೆಂದು ಮಂತ್ರಿಗಳು ಹೇಳಿ ರೋಗವನ್ನು ಮರೆಯಿಸುವರು. ಅವನು ಸತ್ತಾಗ ರೋಗಶಾಂತಿಯ ನೆವದಿಂದ ಅರಮನೆಯ ಉದ್ಯಾನದಲ್ಲಿಯೇ ಗುಟ್ಟಾಗಿ ದಹಿಸುವರು. ನಾಯಕನ ನಿಜಸ್ಥಿತಿಯನ್ನು ಫಲಭಾಗಿಗಳಿಂದ ಮುಚ್ಚಿಡುವ ಆಡಳಿತಕ್ಕೆ ಇದು ಚಿತ್ರ. ಇನ್ಫೋಸಿಸ್ ಸಂಸ್ಥೆಗೆ ಇದು ಅನ್ವಯಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳತಕ್ಕದ್ದು ನ್ಯಾಯ; ಅಲ್ಲಿ ಎಲ್ಲವೂ ಬೆಳಕಿನಲ್ಲಿಯೇ, ಒಮ್ಮೊಮ್ಮೆ ಬೇಕಾದುದಕ್ಕಿಂತ ಹೆಚ್ಚಿನ ಬೆಳಕಿನಲ್ಲಿ, ನಡೆಯಿತು. ಸೂರ್ಯವಂಶವು ಅಗ್ನಿವರ್ಣನಿಂದ ಕೆಟ್ಟರೂ ಗರ್ಭಿಣಿಯಾದ ರಾಣಿಯನ್ನು ಮಂತ್ರಿಗಳು ಪೀಠದಲ್ಲಿ ಕೂರಿಸಿದರಾಗಿ ರಾಜ್ಯವು ನಿಂತಿತು. ವ್ಯಕ್ತಿಯು ಕೆಟ್ಟಲ್ಲಿ ವ್ಯವಸ್ಥೆಯು ಕೈಹಿಡಿಯಿತು.

6. ದೇಶಾಂತರದ ಎರಡು ನಿದರ್ಶನಗಳು

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯನ್ನು ಜ್ಯಾಕ್ ವೆಲ್ಷ್ ಎಂಬವರು 1981ರಿಂದ 2001ರ ಸೆಪ್ಟೆಂಬರಿನವರೆಗೆ ನಡೆಯಿಸಿದರು. ಅವರ ಕಾಲದಲ್ಲಿ ಸಂಸ್ಥೆಯ ಬೆಲೆಯು ಸುಮಾರು 1,400 ಕೋಟಿ ಡಾಲರಿನಿಂದ ಸುಮಾರು 40,000 ಕೋಟಿ ಡಾಲರಿಗೆ ಏರಿತು; ಅವರ ಬಳಿಕ ಇಳಿಯುತ್ತ ಹೋಗಿ 2018ರಲ್ಲಿ ಸಂಸ್ಥೆಯು ಡೌ ಜೋನ್ಸ್ ಸೂಚ್ಯಂಕದಿಂದಲೇ ಹೊರಬಿದ್ದಿತು. ಪುರುಷನೇ ಮೌಲ್ಯವೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಎತ್ತುವರು. ಆದರೆ ಯಂತ್ರಗಳನ್ನು ಮಾಡುವ ಆ ಸಂಸ್ಥೆಯ ಲಾಭದಲ್ಲಿ ದೊಡ್ಡ ಪಾಲು ಸಾಲ ಕೊಡುವ ವ್ಯವಹಾರದಿಂದ ಬರುತ್ತಿತ್ತು. ಅದರ ಅಪಾಯವು 2008ರ ಆರ್ಥಿಕ ವಿಪತ್ತಿನಲ್ಲಿ ಹೊರಬಿದ್ದಿತು. ಹಾಗಾದರೆ ನಿವೃತ್ತಿಯ ದಿನದ ಬೆಲೆಯೇ ಅತಿಯಾಗಿತ್ತೆಂದು ಹೇಳಬೇಕಾಗುವುದು. ಕೀರ್ತಿಯ ಮೇಲಣ ಶ್ರದ್ಧೆಯಿಂದ ಏರಿದ್ದ ಬೆಲೆಯು ಇಳಿದರೆ ಅದು ಉತ್ತರಾಧಿಕಾರಿಯ ತಪ್ಪೆಂದೇ ನಿಶ್ಚಯಿಸಲಾಗದು; ಹಳೆಯ ಸಾಲವು ಅವನ ಕಾಲದಲ್ಲಿ ವಸೂಲಾಯಿತೆಂದೂ ಹೇಳಬಹುದು.

ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2011ರ ಆಗಸ್ಟ್ 24ರಂದು ಕಾರ್ಯನಿರ್ವಾಹಕತ್ವವನ್ನು ಟಿಮ್ ಕುಕ್ ಅವರಿಗೆ ಬಿಟ್ಟು ಅಕ್ಟೋಬರ್ 5ರಂದು ತೀರಿಕೊಂಡರು. ಅವರಿಲ್ಲದೆ ಸಂಸ್ಥೆಯಿಲ್ಲವೆಂದು ಹೇಳಿದವರು ಬಹುಮಂದಿ. 2018ರ ಆಗಸ್ಟಿನಲ್ಲಿ ಅದರ ಬೆಲೆಯು ಒಂದು ಲಕ್ಷ ಕೋಟಿ ಡಾಲರನ್ನು ಮುಟ್ಟಿತು. ಎರಡು ಕಡೆಯೂ ಹೋದವರು ಮರಳಲಿಲ್ಲ. ಒಂದು ಇಳಿಯಿತು, ಒಂದು ಏರಿತು. ಆದುದರಿಂದ ನಿವೃತ್ತಿಮಾತ್ರವೇ ಏರಿಕೆಗಾಗಲಿ ಇಳಿತಕ್ಕಾಗಲಿ ಕಾರಣವಲ್ಲವೆಂದು ಸಿದ್ಧವಾಯಿತು.

7. ಸಿದ್ಧಾಂತ

ಹಾಗಾದರೆ ಕಾರಣವೇನು? ಕರ್ಮವು ಮಾಡಿದ ಕ್ಷಣದಲ್ಲಿಯೇ ಮುಗಿಯುವುದು. ಫಲವು ಬಹುಕಾಲದ ಮೇಲೆ ಬರುವುದು. ನಡುವೆ ನಿಂತು ಇವೆರಡನ್ನು ಕೂಡಿಸುವ ಕಾಣದ ಶಕ್ತಿಗೆ ಮೀಮಾಂಸಕರು ಅಪೂರ್ವವೆಂದು ಹೆಸರಿಟ್ಟಿರುವರು. ಸಂಸ್ಥೆಯನ್ನು ಕಟ್ಟಿದವನ ಕರ್ಮದಲ್ಲಿ ಯಾವಷ್ಟು ಭಾಗವು ನಿಯಮವಾಗಿ, ಅಭ್ಯಾಸವಾಗಿ, ಶಿಷ್ಯಶಿಕ್ಷಣವಾಗಿ ಸಂಸ್ಥೆಯಲ್ಲಿ ನೆಲೆಗೊಂಡಿದೆಯೋ ಅಷ್ಟೇ ಅವನ ಅಪೂರ್ವ. ಅವನು ಹೋದಾಗ ಅದು ಹೋಗದು. ಅವನ ದೇಹದೊಡನೆಯೇ ಉಳಿದ ಭಾಗ ಮಾತ್ರ ಅವನೊಡನೆ ಹೊರಟುಹೋಗುವುದು. ಷೇರುದಾರನಿಗೆ ನಿವೃತ್ತಿಯಿಂದ ಆಗುವ ನಿಜವಾದ ನಷ್ಟವು ಈ ಎರಡನೆಯ ಭಾಗಕ್ಕೆ ಸಮ. ಎಷ್ಟು ಭಾಗ ಯಾವುದೆಂಬುದು ಅವನು ಇರುವವರೆಗೆ ಯಾರಿಗೂ ತಿಳಿಯದು. ಆದುದರಿಂದಲೇ ಹೊರಟ ದಿನ ಪೇಟೆಯು ತಲ್ಲಣಿಸುವುದು. ಹೋದವನು ಹೋದನೆಂದು ನಿಶ್ಚಯವಾದರೆ ಈ ಅಳತೆಯು ಕೆಲವು ವರ್ಷಗಳಲ್ಲಿ ತಾನಾಗಿ ಆಗುವುದು. ಹೋದನೋ ಇಲ್ಲವೋ ಎಂಬ ಸಂಶಯವಿದ್ದರೆ ಅಳತೆಯೇ ಆಗದು. ನಿವೃತ್ತಿಯಲ್ಲ, ಸಂದಿಗ್ಧವಾದ ನಿವೃತ್ತಿಯೇ ಮೌಲ್ಯಕ್ಕೆ ಹಾನಿಕರವೆಂಬುದು ನನ್ನ ಸಿದ್ಧಾಂತ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. 2013ರ ಪುನರಾಗಮನದಿಂದ ಒಳ್ಳೆಯದಾಗಲಿಲ್ಲವೇ ಎಂಬುದು ಒಂದು. ಆಯಿತು; ಹಿಂದಿನ ವರ್ಷ ನೂರಕ್ಕೆ 6ರ ಒಳಗಿದ್ದ ವರಮಾನದ ಬೆಳವಣಿಗೆಯು ಆ ವರ್ಷ 11ನ್ನು ದಾಟಿತು. ಆದರೆ ತಾವೇ ಪಾಲಿಸಿ ತೋರಿಸಿದ ವಯಸ್ಸಿನ ಮರ್ಯಾದೆಯು ಅದರಿಂದ ಸಡಿಲವಾಯಿತು. ಅದೇ ಅವಧಿಯಲ್ಲಿ ಹಿರಿಯ ಅಧಿಕಾರಿಗಳು ಹಲವರು ಸಂಸ್ಥೆಯನ್ನು ಬಿಟ್ಟರು. ಮುಂದೆ ಬಂದ ಪ್ರತಿಯೊಬ್ಬ ಕಾರ್ಯನಿರ್ವಾಹಕನ ಹಿಂದೆಯೂ ಸ್ಥಾಪಕರು ಮತ್ತೆ ಬರಬಹುದೆಂಬ ಊಹೆಯು ನೆರಳಾಗಿ ನಿಂತಿತು. ಫಲವು ಒಂದು ವರ್ಷದ್ದು, ಋಣವು ಬಹುವರ್ಷದ್ದು.

2017ರಲ್ಲಿ ಸಂಸ್ಥೆಯನ್ನು ಕಾಪಾಡಿದವರೂ ಸ್ಥಾಪಕರೊಬ್ಬರೇ ಅಲ್ಲವೇ ಎಂಬುದು ಇನ್ನೊಂದು. ಹೌದು, ಆದರೆ ನಿಲೇಕಣಿಯವರು ಮಂಡಳಿಯ ಆಹ್ವಾನದಿಂದ ಬಂದರು, ಹೆಸರುಳ್ಳ ಆಸನದಲ್ಲಿ ಕುಳಿತರು, ಕಾರ್ಯನಿರ್ವಾಹಕತ್ವವನ್ನು ತಾವು ತೆಗೆದುಕೊಳ್ಳದೆ ಐದು ತಿಂಗಳೊಳಗೆ ಹೊರಗಿನವರೊಬ್ಬರಿಗೆ ಒಪ್ಪಿಸಿದರು. ಸಂದೇಹಕ್ಕೆ ಎಡೆಯಿರಲಿಲ್ಲ. 2021ರ ಆಗಸ್ಟಿನಲ್ಲಿ ಸಂಸ್ಥೆಯ ಬೆಲೆಯು 10,000 ಕೋಟಿ ಡಾಲರನ್ನು ದಾಟಿತು. ಈ ಏರಿಕೆಗೆ ಆಗಿನ ಲೋಕದ ಸ್ಥಿತಿಯೂ ಸಹಾಯಕವಾಯಿತೆಂಬುದನ್ನು ಮರೆಯಬಾರದು. ಆದರೂ ಒಳಜಗಳವಿದ್ದ ಮನೆಗೆ ಆ ಸಹಾಯವು ದಕ್ಕುತ್ತಿರಲಿಲ್ಲ.

ಮೂರ್ತಿಯವರನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಅವರ ಕುಟುಂಬವೂ ಯಜಮಾನವರ್ಗಕ್ಕೆ ಸೇರಿದ್ದು. 2017ರಲ್ಲಿ ಸ್ಥಾಪಕರ ಕುಟುಂಬಗಳಿಗೆಲ್ಲ ಸೇರಿ ನೂರಕ್ಕೆ ಸುಮಾರು 13 ಷೇರುಗಳಿದ್ದವು. ಯಜಮಾನನಿಗೆ ಕೇಳುವ ಹಕ್ಕಿದೆ. ಅವರು ಎತ್ತಿದ ಪ್ರಶ್ನೆಗಳು ಸಣ್ಣವೂ ಅಲ್ಲ. ಆದರೆ ಸಾಮಾನ್ಯ ಷೇರುದಾರನು ಸಭೆಯಲ್ಲಿ ಎದ್ದು ಕೇಳಿದರೆ ಅದು ಪ್ರಶ್ನೆಯಾಗುವುದು; ಕಟ್ಟಿದವನು ಪತ್ರಿಕೆಯಲ್ಲಿ ಕೇಳಿದರೆ ಅದು ತೀರ್ಪಾಗುವುದು. ಮಾತು ಒಂದೇ ಆದರೂ ಆಡಿದವನ ಕೀರ್ತಿಯು ಅದಕ್ಕೆ ತೂಕವನ್ನು ಕೂಡಿಸುವುದು. ಆ ತೂಕವು ಉಳಿದ ಯಜಮಾನರ ತಟ್ಟೆಯ ಮೇಲೆ ಬಿತ್ತೆಂಬುದೇ ಇಲ್ಲಿಯ ದುಃಖ.

ಇದು ಪರೋಪದೇಶವಾಗಬಾರದೆಂದು ಒಂದು ಸ್ವಂತ ಮಾತನ್ನು ಸೇರಿಸುವೆನು. ಬಹಳ ವರ್ಷಗಳ ಹಿಂದೆ ನಾನು ಒಂದು ಪಾಠಶಾಲೆಯಲ್ಲಿ ಹಿರಿಯ ಪಂಡಿತರೊಬ್ಬರ ಸ್ಥಾನಕ್ಕೆ ಬಂದೆನು. ನಿವೃತ್ತರಾದ ಆ ಮಹನೀಯರು ಮಕ್ಕಳ ಮೇಲಣ ಪ್ರೀತಿಯಿಂದ ದಿನವೂ ಬಂದು ಪಡಸಾಲೆಯಲ್ಲಿ ಕುಳಿತುಕೊಳ್ಳುವರು. ನಾನು ಒಂದು ಸೂತ್ರಕ್ಕೆ ಅರ್ಥ ಹೇಳಿದೊಡನೆ ಹುಡುಗರ ಕಣ್ಣು ಪಡಸಾಲೆಯ ಕಡೆಗೆ ತಿರುಗುವುದು. ಅವರು ತಲೆಯಾಡಿಸಿದರೆ ಅರ್ಥವು ಸರಿ, ಸುಮ್ಮನಿದ್ದರೆ ಸಂದೇಹ. ಅವರ ಪಾಂಡಿತ್ಯ ನನ್ನದಕ್ಕಿಂತ ದೊಡ್ಡದು, ಅಭಿಪ್ರಾಯವೂ ಅನೇಕ ವೇಳೆ ಸರಿಯಾದದ್ದು. ಆದರೂ ಆ ಎರಡು ವರ್ಷಗಳಲ್ಲಿ ಹುಡುಗರು ಅವರಿಂದಲೂ ಕಲಿಯಲಿಲ್ಲ, ನನ್ನಿಂದಲೂ ಕಲಿಯಲಿಲ್ಲ. ಈಗ ನನ್ನ ನಿವೃತ್ತಿಗೆ ಮೂರು ವರ್ಷಗಳಿವೆ. ನನ್ನ ಬಳಿಕ ಬರತಕ್ಕ ತರುಣನು ವ್ಯಾಕರಣದಲ್ಲಿ ನನ್ನಷ್ಟು ಬಲ್ಲವನಲ್ಲವೆಂಬ ಭಾವನೆ ಈಗಲೇ ನನ್ನ ಮನಸ್ಸಿನಲ್ಲಿ ತಲೆಯೆತ್ತುತ್ತಿದೆ. ಪಡಸಾಲೆಯ ಆ ಮೂಲೆ ನನ್ನನ್ನೂ ಕರೆಯುತ್ತಿದೆ. ರಘುವಿನ ಮೌನವು ಎಷ್ಟು ದುರ್ಲಭವೆಂಬುದು ಹೀಗೆ ನನಗೆ ಅರ್ಥವಾಯಿತು. ಮೂರ್ತಿಯವರ ವಿಷಯದಲ್ಲಿ ಕಠಿನವಾದ ಮಾತನ್ನಾಡಲು ನಾಲಗೆ ಹಿಂಜರಿಯುವುದೂ ಅದರಿಂದಲೇ.

ಆದುದರಿಂದ ಉದ್ಯಮಪತಿಗಳ ಚರಿತ್ರೆಯನ್ನು ಪಾಠ ಹೇಳುವ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. 10,000 ರೂಪಾಯಿಯಿಂದ ಆರಂಭವಾದ ಕಥೆಯನ್ನು ಹೇಳಿರಿ. ಅದು ಹೇಳತಕ್ಕ ಕಥೆಯೇ. ಆದರೆ ಅಲ್ಲಿಗೆ ಪುಸ್ತಕವನ್ನು ಮುಚ್ಚಬೇಡಿರಿ. ಬಿಟ್ಟದ್ದು ಯಾವಾಗ, ಬಿಟ್ಟ ಮೇಲೆ ಕೈ ಎಲ್ಲಿತ್ತು, ಬಳಿಕ ಬಂದವನಿಗೆ ಬಾಗಿಲು ಪೂರ್ಣವಾಗಿ ತೆರೆಯಿತೇ ಎಂದೂ ಕೇಳಿರಿ. ಛತ್ರಕ್ಕೆ ಕಟ್ಟಿಸಿದವನ ಹೆಸರು ಇರಲಿ. ಒಲೆಯನ್ನು ಮಾತ್ರ ಇಂದು ಅಡಿಗೆ ಮಾಡುವವನ ಕೈಗೆ ಬಿಡಬೇಕು. ದಾರಿಹೋಕನಿಗೆ ಬೇಕಾದುದು ಅನ್ನ. ಈ ವಿಚಾರದಲ್ಲಿ ದೋಷಗಳು ಕಂಡುಬಂದರೆ ವಿದ್ವಾಂಸರು ತಿದ್ದಿ ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇನೆ.